48ರಲ್ಲೇ ಹೋಗೋ ಕಷ್ಟ

ಹಳೇ ಕಾರುಗಳ ರ‍್ಯಾಲಿಗೆ ಹೋಗಿದ್ವಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ಎಷ್ಟು ಸ್ಪೀಡಲ್ಲಿ ಓಡ್ಸಿದ್ರಿ ಅಂತ. ಗಂಟೆಗೆ 48 ಅಂತೀನಿ. ಮೈಲಿನಾ ಅಂತಾರೆ. ಅಲ್ಲಪ್ಪ, ಕಿಲೋಮೀಟರೇ ಅಂದ್ರೆ ಅಲ್ಲಿಗೆ ಮಾತು ಮುಗೀತು, ಪಾಪ ಅನ್ನೋ ಥರ ಒಂದ್ಸಲ ನೋಡಿ ಬೇರೆ ವಿಷಯಕ್ಕೆ ಹೋಗ್ಬಿಡ್ತಾರೆ. ಅವರದ್ದೇನೂ ತಪ್ಪಿಲ್ಲ ಬಿಡಿ, ಹೋಗೋಕೆ ಮುಂಚೆ ನಾನೂ ಹಂಗೇ ಅಂದ್ಕೊಂಡಿದ್ದೆ, 48 ತಾನೇ, ಒಂದು ಕೈಯಲ್ಲಿ ಓಡ್ಸಬಹುದು ಅಂತ.

ಕಾರು 1963ರ ವೋಲ್ವೋ ಪಿವಿ 544. ಎರಡೇ ಬಾಗಿಲು, ಬೆನ್ನು ಗೂನು, 1.8 ಲೀಟರ್ ಇಂಜಿನ್ನು, ನಾಲ್ಕು ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಪವರ್ ಸ್ಟೀರಿಂಗ್ ಅನ್ನೋದು ಕನಸಲ್ಲೂ ಇಲ್ಲ. ಇದನ್ನ ಸಲೂನ್ ಕಾರು ಅಂತಾರೆ, ಕಟಿಂಗ್ ಶಾಪಿಗೂ ಇದಕ್ಕೂ ಸಂಬಂಧ ಇಲ್ಲ, ತಲೆ ಮೇಲೆ ಗಟ್ಟಿ ಟಾಪು ಇದ್ದು ಮನೆ ಮಂದಿ ಕೂತು ಹೋಗೋ ಕಾರು ಅಷ್ಟೇ. ವಿಂಟೇಜ್ ಅಂದ್ರೆ ಮಾತ್ರ ಶಾಸ್ತ್ರ ಗೊತ್ತಿರೋರು ಜಗಳಕ್ಕೆ ಬರ್ತಾರೆ, ಬ್ರಿಟಿಷರ ಲೆಕ್ಕದಲ್ಲಿ 1919ರಿಂದ 1930ರ ಒಳಗೆ ತಯಾರಾಗಿದ್ದೇ ವಿಂಟೇಜು, ನಮ್ಮದು ಬರೀ ಕ್ಲಾಸಿಕ್ಕು. ಆಗ್ಲಿ. 1965ರಲ್ಲಿ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿ ಗೆದ್ದಿದ್ದು ಇದೇ ಮಾಡಲ್ಲು, ಓಡ್ಸಿದ್ದು ಕೀನ್ಯಾದ ಜೋಗಿಂದರ್ ಸಿಂಗ್, ಪಕ್ಕದಲ್ಲಿ ಕೂತಿದ್ದು ಅವರ ಸೋದರ ಜಸ್ವಂತ್. ಅವ್ರು ಅಣ್ಣ ತಮ್ಮ ಹೋದ್ರೆ ನಾವು ಭಾವ ಭಾಮೈದ ಹೋಗೋಣ ಅಂತ ಹೊರಟಿದ್ದು. ಸ್ಟೀರಿಂಗ್ ನನ್ನ ಕೈಲಿ, ದಾರಿ ಹೇಳೋ ಪುಸ್ತಕ ಭಾವನ ಕೈಲಿ. ಹದಿನೆಂಟು ದಿನ, ಏಳು ಸಾವಿರ ಕಿಲೋಮೀಟರ್ ಚಿಲ್ಲರೆ.

ಈಗ ಆ 48ರ ಕಥೆ ಹೇಳ್ತೀನಿ. ದಿನಾ ಓಡೋ ದಾರಿ ಪೂರ್ತಿ ಲೆಕ್ಕಕ್ಕಿಲ್ಲ, ಮಧ್ಯೆ ಮಧ್ಯೆ ಹತ್ತು ಹದಿನೈದು ಕಿಲೋಮೀಟರಿನ ತುಂಡುಗಳು ಬರ್ತಾವೆ, ರೆಗ್ಯುಲಾರಿಟಿ ಅಂತಾರೆ, ಅಲ್ಲಿ ಅವ್ರು ಕೊಟ್ಟ ಸರಾಸರಿ ಸ್ಪೀಡನ್ನೇ ಹಿಡೀಬೇಕು. 48 ಅಂದ್ರೆ ಒಂದು ಕಿಲೋಮೀಟರಿಗೆ 75 ಸೆಕೆಂಡು, 400 ಮೀಟರಿಗೆ 30 ಸೆಕೆಂಡು. ಕೊನೇಲಿ ಕೂಡಿಸಿ ಕಳೆದು ಸರಿ ಮಾಡ್ಕೊಳ್ತೀನಿ ಅಂದ್ರೆ ಆಗಲ್ಲ, ಯಾಕಂದ್ರೆ ಎಲ್ಲೋ ಒಂದು ತಿರುವಿನ ಹಿಂದೆ ಗಡಿಯಾರ ಹಿಡ್ಕೊಂಡು ಒಬ್ರು ಕೂತಿರ್ತಾರೆ, ಎಲ್ಲಿ ಅಂತ ಗೊತ್ತಿರಲ್ಲ, ಒಂದ್ಸೆಕೆಂಡ್ ತಡ ಆದ್ರೂ ದಂಡ, ಒಂದ್ಸೆಕೆಂಡ್ ಮುಂಚೆ ಬಂದ್ರೂ ದಂಡ. ಜೀವಮಾನ ಪೂರ್ತಿ ಬೇಗ ಬಾ ಬೇಗ ಬಾ ಅಂತ ಕೇಳ್ಕೊಂಡು ಬೆಳೆದೋರಿಗೆ ಈ ಮುಂಚೆ ಬಂದಿದ್ದಕ್ಕೆ ದಂಡ ಅನ್ನೋದು ತಲೆಗೆ ಹೋದ್ರೂ ಕಾಲಿಗೆ ಹೋಗಲ್ಲ. ನನ್ನ ಬಲಗಾಲಿಗಂತೂ ಹೋಗ್ಲೇ ಇಲ್ಲ.

ದಾರಿ ಹೇಳೋಕೆ ಮ್ಯಾಪಿಲ್ಲ, ರೋಡ್‌ಬುಕ್ಕು. ಒಂದೊಂದು ಚೌಕದಲ್ಲೂ ಒಂದು ಪುಟ್ಟ ಚಿತ್ರ, ಬುಡದಲ್ಲಿ ಚುಕ್ಕಿ, ತುದೀಲಿ ಬಾಣ, ಚುಕ್ಕಿ ಕಡೆಯಿಂದ ಬಂದು ಬಾಣದ ಕಡೆ ಹೋಗು ಅಂತ ಅರ್ಥ. ಇದಕ್ಕೆ ಟ್ಯೂಲಿಪ್ ಅಂತ ಹೆಸರು, ಹೂವಿನ ಥರ ಕಾಣುತ್ತೆ ಅಂತಲ್ಲ, ನೆದರ್‌ಲ್ಯಾಂಡ್ಸ್‌ನ ಟ್ಯೂಲಿಪ್ ರ‍್ಯಾಲಿಯಿಂದ ಬಂದಿದ್ದಕ್ಕೆ. ಡ್ಯಾಶ್‌ಬೋರ್ಡ್ ಮೇಲೆ ಹಾಲ್ಡಾ ಅಂತ ದೂರ ಅಳೆಯೋ ಒಂದು ಸ್ವೀಡಿಶ್ ಮೀಟರು, ಟ್ಯಾಕ್ಸಿ ಮೀಟರ್ ಮಾಡ್ತಿದ್ದ ಕಂಪನಿದೇ, ಸ್ಪೀಡೋಮೀಟರ್ ಕೇಬಲ್ಲಿಂದ ತಿರುಗುತ್ತೆ, ಒಳಗೆ ಪುಟ್ಟ ಹಲ್ಲಿನ ಚಕ್ರಗಳು. ಟೈರಿನ ಗಾಳಿ ಕಮ್ಮಿ ಆದ್ರೂ ಲೆಕ್ಕ ಜಾರುತ್ತೆ. ನೂರಕ್ಕೆ ಒಂದು ತಪ್ಪು ತೋರಿಸ್ತು ಅಂದ್ಕೊಳ್ಳಿ, 12 ಕಿಲೋಮೀಟರಿಗೆ 120 ಮೀಟರು, ಅಂದ್ರೆ 9 ಸೆಕೆಂಡು ಹೋಯ್ತು. ಅದಕ್ಕೇ ಭಾವ ಬೆಳಿಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ಟೈರಿನ ಗಾಳಿ ನೋಡೋರು.

ಘಾಟಿ ಹತ್ತೋವಾಗ ಒಂದೊಂದು ಹೇರ್‌ಪಿನ್ನಲ್ಲೂ ಎರಡು ಮೂರು ಸೆಕೆಂಡ್ ಬಿದ್ದೋಗುತ್ತೆ, ಅದನ್ನ ಮುಂದಿನ ನೇರ ದಾರೀಲಿ ಎತ್ಕೋಬೇಕು, ಭಾವ ಪಕ್ಕದಲ್ಲಿ ಮಂತ್ರದ ಥರ ಹೇಳ್ತಾನೇ ಇರ್ತಾರೆ, ಎರಡು ತಡ, ಎರಡು ತಡ, ಒಂದು ತಡ, ಸೊನ್ನೆ, ಒಂದು ಮುಂದೆ, ಕಾಲು ತೆಗಿಯೋ, ಎರಡು ಮುಂದೆ, ತೆಗಿ ಅಂದ್ನಲ್ಲೋ! ಇಳಿಯೋವಾಗ ಬೇರೆ ಪಾಡು. ಹತ್ತಿದ ಗೇರಲ್ಲೇ ಇಳೀಬೇಕು ಅನ್ನೋ ಹಳೇ ಡ್ರೈವರ್‌ಗಳ ಮಾತು ಡ್ರಮ್ ಬ್ರೇಕಿನ ಕಾರಿಗೆ ವೇದವಾಕ್ಯ. ಒಂದು ಉದ್ದ ಇಳಿಜಾರಲ್ಲಿ ನಾನು ಸಮಯ ಎತ್ಕೊಳ್ಳೋ ಆಸೆಗೆ ಮೂರನೇ ಗೇರಲ್ಲಿ ಬಿಟ್ಟೆ, ಐದನೇ ತಿರುವಿಗೆ ಸುಟ್ಟ ವಾಸನೆ, ಏಳನೇದಕ್ಕೆ ಪೆಡಲ್ಲು ಅರ್ಧ ಕೆಳಗೆ ಹೋದ್ಮೇಲೆ ಹಿಡಿಯೋಕೆ ಶುರು ಮಾಡ್ತು. ಚಕ್ರದ ಜೊತೆ ತಿರುಗೋ ಡ್ರಮ್ಮು ಕಾದು ಹಿಗ್ಗಿ, ಅದನ್ನ ಒಳಗಿಂದ ಒತ್ತಿ ನಿಲ್ಲಿಸೋ ಬ್ರೇಕ್ ಶೂನಿಂದ ದೂರ ಹೋಗಿರುತ್ತೆ, ಶೂ ಮೇಲಿನ ಲೈನಿಂಗೂ ಕಾದು ಹಿಡಿತ ಬಿಟ್ಟಿರುತ್ತೆ. ಎರಡನೇ ಗೇರಿಗೆ ಹಾಕ್ದೆ, ಇಂಜಿನ್ನು ಕಿರುಚ್ಕೊಂಡು ತಡೀತು. ಭಾವನ ಕಡೆ ಪೆಡಲ್ಲೇ ಇಲ್ಲ, ಆದ್ರೂ ಅವ್ರ ಎರಡೂ ಕಾಲು ನೆಲಕ್ಕೆ ಒತ್ಕೊಂಡಿತ್ತು. ಕೆಳಗೆ ನಿಂತಾಗ ಹ್ಯಾಂಡ್‌ಬ್ರೇಕ್ ಎಳೀಲಿಲ್ಲ, ಕಾದ ಡ್ರಮ್ಮು ಆರುತ್ತಾ ಕುಗ್ಗಿದ್ರೆ ಶೂನ ಕಚ್ಕೊಂಡು ಕೂತ್ಬಿಡುತ್ತೆ, ಚಕ್ರಕ್ಕೆ ಕಲ್ಲು ಕೊಟ್ವಿ.

ಆದ್ರೆ ನಿಜವಾಗ್ಲೂ ಮರ್ಯಾದೆ ಹೋಗಿದ್ದು ಆರನೇ ದಿನ.

ಬಿಸಿಲು ನಾಡಿಗೆ ಇಳಿದಿದ್ವಿ, ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೇರ್ತಾ ಇತ್ತು. ರೇಡಿಯೇಟರ್ರು ಅಂದೆ ನಾನು. ಕ್ಯಾಪ್ ನೋಡಿದ್ವಿ, ಹೋಸ್ ನೋಡಿದ್ವಿ, ಫ್ಯಾನ್ ಬೆಲ್ಟ್ ಬಿಗಿ ಮಾಡಿದ್ವಿ, ಮುಂದಿನ ಜಾಲರೀಲಿ ಅಂಟಿದ್ದ ಹುಳುಗಳನ್ನೆಲ್ಲ ಬ್ರಷ್ಷಲ್ಲಿ ತೆಗೆದ್ವಿ, ಏನೂ ಉಪಯೋಗ ಇಲ್ಲ. ಕೊನೆಗೆ ಹಳೇ ಉಪಾಯ, ಹೀಟರ್ ಆನ್ ಮಾಡೋದು, ಅದೂ ಒಂದು ಚಿಕ್ಕ ರೇಡಿಯೇಟರ್ರೇ ತಾನೇ, ಇಂಜಿನ್ ಬಿಸೀನ ಎಳ್ಕೊಂಡು ಒಳಗೆ ಊದುತ್ತೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಹೀಟರು, ಎರಡೂ ಕಿಟಕಿ ತೆಗೆದಿದ್ರೂ ಹಂಡೆ ಒಲೆ ಮುಂದೆ ಕೂತಂಗೆ, ಭಾವನ ಬೆವರು ರೋಡ್‌ಬುಕ್ ಮೇಲೆ ಬಿದ್ದು ಒಂದು ಟ್ಯೂಲಿಪ್ಪೇ ಅಳಿಸಿಹೋಯ್ತು. ಎರಡು ದಿನ ಹಿಂಗೇ. ಅಷ್ಟರಲ್ಲಿ ಎಳೆತಾನೂ ಕಮ್ಮಿ ಆಗಿತ್ತು, ಮೂರರಲ್ಲಿ ಹತ್ತೋ ಏರಿಗೆ ಎರಡು ಬೇಕಾಗ್ತಿತ್ತು, ಅದನ್ನೂ ನಾನು ಬಿಸಿಲಿನ ತಲೆಗೇ ಕಟ್ಟಿದೆ.

ಎಂಟನೇ ದಿನ ರಾತ್ರಿ ಭಾವ ಹೇಳಿದ್ರು, "ನೀರು ಸರಿ ಇದೆ, ಬೆಲ್ಟು ಸರಿ ಇದೆ, ಎಳೀತಾ ಇಲ್ಲ ಅಂತೀಯ. ಬೆಂಕಿ ಕಡೆ ನೋಡಿದ್ಯೇನೋ?" ಸಿಲಿಂಡರುಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದೆ. ಅಲ್ಲಿ ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಕಾಂಟ್ಯಾಕ್ಟ್ ಪಾಯಿಂಟ್ಸ್ ಮಧ್ಯೆ 0.4 ಮಿ.ಮೀ. ಫೀಲರ್ ಗೇಜ್, ಅಂದ್ರೆ ಸಂದು ಅಳೆಯೋ ತೆಳು ತಗಡು, ಹೋಗ್ಬೇಕು, ಅದರರ್ಧ ದಪ್ಪದ್ದೂ ತಡೀತು. ಪಾಯಿಂಟಿನ ಹಿಮ್ಮಡಿ ಅಂತ ಒಂದು ಫೈಬರ್ ತುಂಡು ಇರುತ್ತೆ, ತಿರುಗೋ ಕ್ಯಾಮ್ ಮೇಲೆ ಉಜ್ಜಿಕೊಂಡು ಪಾಯಿಂಟನ್ನ ತೆಗೆಯೋದು ಅದೇ, ಕ್ಯಾಮಿಗೆ ಚೂರು ಗ್ರೀಸ್ ಹಚ್ಚಿಲ್ಲ ಅಂದ್ರೆ ಸವೆದು ಹೋಗುತ್ತೆ, ಅದು ಸವೆದಷ್ಟೂ ಗ್ಯಾಪ್ ಮುಚ್ಕೊಳ್ಳುತ್ತೆ, ಕಿಡಿ ತಡವಾಗುತ್ತೆ. ತಡವಾಗಿ ಹತ್ತಿದ ಬೆಂಕಿ ಪಿಸ್ಟನ್ ತಳ್ಳೋ ಬದಲು ಇಂಜಿನ್ನನ್ನೇ ಕಾಯಿಸುತ್ತೆ. ಕಾರೂ ನಮ್ಮ ಥರಾನೇ ಸೆಕೆಂಡ್ ಲೆಕ್ಕದಲ್ಲಿ ತಡ ಆಗ್ತಿತ್ತು ಅನ್ನಿ, ಅದರ ಸೆಕೆಂಡು ಮಾತ್ರ ಭಾಳ ಸಣ್ಣದು.

ಹೊರಡೋ ಹಿಂದಿನ ದಿನ ಆ ಪಾಯಿಂಟ್ಸ್ ಹಾಕಿದ್ದು ಯಾವ ಮೆಕ್ಯಾನಿಕ್ಕೂ ಅಲ್ಲ, ನಾನೇ. ಗ್ರೀಸ್ ಮರೆತಿದ್ದೂ ನಾನೇ, ರಾತ್ರಿ ಹನ್ನೊಂದಾಗಿತ್ತು, ಬೇಗ ಮುಗಿಸ್ಬೇಕಿತ್ತು. ಈ ಎಂಟನೇ ರಾತ್ರಿ ಟಾರ್ಚ್ ಹಿಡ್ಕೊಂಡು ಹೊಸ ಸೆಟ್ ಹಾಕಿ, ಗ್ಯಾಪ್ ಇಟ್ಟು, ಒಂದು ಬಲ್ಬ್ ವೈರ್ ಸಿಕ್ಕಿಸಿ ಟೈಮಿಂಗ್ ನೋಡ್ಕೊಂಡಿದ್ದು ಎಲ್ಲಾ ಸೇರಿ ಇಪ್ಪತ್ತೇ ನಿಮಿಷ. ಮಾರನೇ ದಿನ ಮುಳ್ಳು ಮಧ್ಯದಿಂದ ಅಲ್ಲಾಡ್ಲಿಲ್ಲ, ಹೀಟರ್ ಆಫು, ಭಾವ ಮಾತ್ರ ಇಡೀ ಬೆಳಿಗ್ಗೆ ನಂಬರ್ ಬಿಟ್ಟು ಬೇರೆ ಒಂದು ಮಾತಾಡ್ಲಿಲ್ಲ.

ರಾತ್ರಿ ಹೊತ್ತು ಪಾರ್ಕಿಂಗಲ್ಲಿ ಹಳಬರು ಮಾತಾಡ್ತಾ ಕೂತಾಗ 1968ರ ಲಂಡನ್ ಸಿಡ್ನಿ ಮ್ಯಾರಥಾನ್ ಬರ್ದೇ ಇರಲ್ಲ. ಬಾಂಬೆವರೆಗೆ ರಸ್ತೆ, ಅಲ್ಲಿಂದ ಹಡಗು, ಮತ್ತೆ ಆಸ್ಟ್ರೇಲಿಯಾ ಅಡ್ಡಡ್ಡ. ಕೊನೇ ಹಂತದಲ್ಲಿ ಮುಂದಿದ್ದಿದ್ದು ಲೂಸಿಯನ್ ಬಿಯಾಂಕಿ ಟೀಮಿನ ಸಿಟ್ರೊಯೆನ್ ಡಿಎಸ್, ಮುಗಿಯೋಕೆ ಇನ್ನೇನು ಸ್ವಲ್ಪ ದಾರಿ ಅನ್ನೋವಾಗ ಎದುರಿಂದ ಬಂದ ಮಿನಿಗೆ ಡಿಕ್ಕಿ, ಬಿಯಾಂಕಿಗೆ ಜೋರು ಪೆಟ್ಟಾಯ್ತು. ಗೆದ್ದಿದ್ದು ಆಂಡ್ರೂ ಕೋವನ್ ಟೀಮಿನ ಹಿಲ್‌ಮನ್ ಹಂಟರ್, ಆಫೀಸಿಗೆ ಹೋಗೋರು ಓಡ್ಸೋ ಥರದ ಸಾದಾ ಸಲೂನು. ಈ ಕಥೆ ಬಂದಾಗೆಲ್ಲ ಭಾವ ನನ್ನ ಕಡೆ ತಿರುಗಿ ನೋಡೋರು, ಏನೂ ಹೇಳ್ತಿರ್ಲಿಲ್ಲ.

ಕೊನೇ ದಿನ ರಿಸಲ್ಟ್ ಹಾಳೆ ಬಂತು, ನಮ್ಮಂಥ ಕಾರುಗಳ ಗುಂಪಲ್ಲಿ ಮಧ್ಯಕ್ಕಿಂತ ಚೂರು ಮೇಲೆ. ಭಾವ ಪೆನ್ಸಿಲ್ ತಗೊಂಡು ಕೂತು ಬೇರೆ ಬೇರೆ ಕೂಡಿಸಿದ್ರು. ಒಟ್ಟು ದಂಡ 412 ಸೆಕೆಂಡು, ಅದರಲ್ಲಿ ತಡ ಆಗಿದ್ದು 171, ಉಳಿದ 241 ಮುಂಚೆ ಬಂದಿದ್ದಕ್ಕೆ. 241ರ ಕೆಳಗೆ ಎರಡು ಗೆರೆ ಎಳೆದು ಪಕ್ಕದಲ್ಲಿ "ಬಲಗಾಲು" ಅಂತ ಬರೆದು ನನ್ನ ಕೈಗೆ ಕೊಟ್ರು. ಸವೆದ ಆ ಪಾಯಿಂಟ್ ಸೆಟ್ಟು ಈಗ್ಲೂ ಗ್ಲೋವ್ ಬಾಕ್ಸಲ್ಲಿದೆ, ಭಾವ ಎಸೆಯೋಕೆ ಬಿಡಲ್ಲ, ಕಾರಿನ ವಿಷಯಕ್ಕೆ ನಾನು ಜಾಸ್ತಿ ಮಾತಾಡಿದ್ರೆ ತೆಗೆದು ಡ್ಯಾಶ್‌ಬೋರ್ಡ್ ಮೇಲಿಡ್ತಾರೆ.