ಸಿಮ್ ಹಾಕುವ ಜಾಗ ಇಲ್ಲದ ಫೋನ್

ದೀಪಾವಳಿಗೆ ಅಕ್ಕನ ಮಗ ಷಾರ್ಜಾದಿಂದ ಬಂದಿದ್ದ. ಬ್ಯಾಗ್ ಇಳಿಸಿ ಕೈಕಾಲು ತೊಳೆಯುವ ಮೊದಲೇ ಕಿಸೆಯಿಂದ ಫೋನ್ ತೆಗೆದು ನನ್ನ ಕೈಗಿಟ್ಟ. "ಹೇಗುಂಟು ಮಾವ?"

ಐಫೋನ್ ಏರ್. 2025ರ ಸೆಪ್ಟೆಂಬರ್ 9ಕ್ಕೆ ಆಪಲ್ ತೋರಿಸಿದ್ದು, 19ಕ್ಕೆ ಅಂಗಡಿಗೆ ಬಂದದ್ದು. ಯೂಟ್ಯೂಬ್ ತೆರೆದರೆ ಸಾಕು, ಇದರದ್ದೇ ಸುದ್ದಿ. ಹಾಗಾಗಿ ನಾನೂ ಆಸೆಯಿಂದಲೇ ಹಿಡಿದು ನೋಡಿದೆ. ಅಮ್ಮನೂ ಅಡುಗೆಮನೆಯಿಂದ ಬಂದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ತೆಗೆದುಕೊಂಡರು, ಹಿಂದೆ ಮುಂದೆ ತಿರುಗಿಸಿದರು, ಅಂಚಿನ ಮೇಲೆ ಉಗುರಿನಿಂದ ಮೆಲ್ಲಗೆ ಗೀಚುತ್ತಾ ನಾಲ್ಕೂ ಬದಿ ಹುಡುಕಿದರು. ಆಮೇಲೆ ಕೇಳಿದರು, "ಇದಕ್ಕೆ ಸಿಮ್ ಎಲ್ಲಿ ಹಾಕುದು ಮಗಾ?"

"ಸಿಮ್ ಹಾಕಲಿಕ್ಕಿಲ್ಲ ಅಜ್ಜಿ, ಒಳಗೇ ಉಂಟು" ಅಂದ ಅವನು.

ಆ ದಿನದಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಯಾಕೆಂದರೆ ಅವನು ಹೋಗುವಾಗ, "ಮಾವ, ಮುಂದಿನ ಸಲ ಬರುವಾಗ ನಿಮಗೂ ಒಂದು ತರ್ಲಾ?" ಅಂತ ಕೇಳಿದ್ದಾನೆ. ನಾನು ಇನ್ನೂ ಉತ್ತರ ಹೇಳಿಲ್ಲ. ಹೇಳುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಅದು ನ್ಯಾಯ. ಈ ಫೋನ್ ಕೈಗೆ ಬಂದಾಗ ನಿಜಕ್ಕೂ ಖುಷಿಯಾಗುತ್ತದೆ. 5.6 ಮಿಲಿಮೀಟರ್ ದಪ್ಪ, 165 ಗ್ರಾಂ ತೂಕ. 2024ರ ಐಫೋನ್ 16 ಪ್ರೊ ಮ್ಯಾಕ್ಸ್ 227 ಗ್ರಾಂ ಇತ್ತು. ಅಂಗಿಯ ಕಿಸೆಯಲ್ಲಿ ಆ ಫೋನ್ ಹಾಕಿ ಬಗ್ಗಿದರೆ ಅಂಗಿಯೇ ಒಂದು ಕಡೆ ಜೋತು ಬೀಳುತ್ತದೆ, ಇದು ಹಾಗಲ್ಲ. ಇಷ್ಟು ತೆಳು ಇದ್ದರೆ ಬಗ್ಗಿ ಹೋಗುವುದಿಲ್ವಾ ಅಂತ ನನಗೂ ಹೆದರಿಕೆ ಇತ್ತು, 2014ರಲ್ಲಿ ಐಫೋನ್ 6 ಪ್ಲಸ್ ಕಿಸೆಯಲ್ಲೇ ಬಗ್ಗಿದ ಗಲಾಟೆ ನೆನಪಿರುವವರಿಗೆ ಆ ಹೆದರಿಕೆ ಸಹಜ. ಇದರ ಚೌಕಟ್ಟು ಟೈಟಾನಿಯಂನದ್ದು. ಬೇಕಂತಲೇ ಬಗ್ಗಿಸಲು ಹೋದವರ ವಿಡಿಯೋ ನೋಡಿದೆ, ಸುಲಭಕ್ಕೆ ಬಗ್ಗಲಿಲ್ಲ. ಪರದೆ 6.5 ಇಂಚಿನದ್ದು, ಬೆರಳು ಜಾರಿಸಿದರೆ ಎಣ್ಣೆ ಹಾಕಿದ ಹಾಗೆ ಹೋಗುತ್ತದೆ. ಒಳಗಿನ ಚಿಪ್ ಪ್ರೊ ಮಾಡೆಲಿನ ಎ19 ಪ್ರೊ. ಇದರಲ್ಲಿ ಯಾವುದೂ ಸುಳ್ಳು ಹೊಗಳಿಕೆ ಅಲ್ಲ.

ಆದರೆ ತೆಳು ಮಾಡಲಿಕ್ಕೆ ಏನನ್ನು ತೆಗೆದಿದ್ದಾರೆ ಅಂತ ಒಂದೊಂದಾಗಿ ನೋಡುತ್ತಾ ಹೋದ ಹಾಗೆ, ಇಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮಂಥವರು ದಿನಾ ಬಳಸುವುದೇ ಹೋಗಿದೆಯಲ್ಲ ಅನ್ನಿಸಿತು.

ಹಿಂದಿನ ಕ್ಯಾಮೆರಾ ಒಂದೇ. 48 ಮೆಗಾಪಿಕ್ಸೆಲ್, ಒಳ್ಳೆಯದೇ. ಆದರೆ ಅಲ್ಟ್ರಾವೈಡ್ ಇಲ್ಲ. ಐಫೋನಿನಲ್ಲಿ ತೀರಾ ಹತ್ತಿರದ ಮ್ಯಾಕ್ರೋ ಫೋಟೋ ತೆಗೆಯುವುದು ಆ ಅಲ್ಟ್ರಾವೈಡ್ ಲೆನ್ಸಿನಿಂದ, ಹಾಗಾಗಿ ಅದೂ ಹೋಯಿತು. ನನಗೆ ಅದು ಯಾಕೆ ಬೇಕು ಅಂದರೆ, ಅಡಿಕೆ ಸೋಗೆಯಲ್ಲಿ ಎಲೆಚುಕ್ಕಿ ರೋಗ ಕಂಡಾಗ ಆ ಕಂದು ಚುಕ್ಕಿ, ಅದರ ಸುತ್ತ ಹಳದಿ ಅಂಚು, ಇಷ್ಟು ಸ್ಪಷ್ಟ ಬಂದರೆ ಮಾತ್ರ ಗೊತ್ತಿದ್ದವರಿಗೆ ಕಳಿಸಿ ಕೇಳಲಿಕ್ಕೆ ಆಗುತ್ತದೆ. ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಗೆ ಎಲೆ ಹಿಡಿದುಕೊಂಡು ಹೋಗುತ್ತಿದ್ದ ಕಾಲ ಹೋಗಿ ಈಗ ವಾಟ್ಸಾಪಿನಲ್ಲೇ ಅರ್ಧ ಕೆಲಸ ಆಗುತ್ತದೆ. ನನ್ನ ಗ್ಯಾಲರಿಯಲ್ಲಿ ಮನೆಯವರ ಮುಖಕ್ಕಿಂತ ಸೋಗೆ, ಹಿಂಗಾರ, ಕೊಳೆ ಬಂದ ಕಾಯಿಗಳ ಫೋಟೋಗಳೇ ಜಾಸ್ತಿ.

ಸ್ಪೀಕರ್ ಸಹ ಒಂದೇ, ಕಿವಿಗಿಡುವ ಕಡೆ ಇರುವುದು. ಕೆಳಗೆ ಇಲ್ಲ. ಅಡಿಕೆ ಸುಲಿಯುವಾಗ ತಾಳಮದ್ದಳೆ ಹಾಕಿ ಫೋನನ್ನು ಬದಿಗಿಟ್ಟುಕೊಳ್ಳುವ ನಮಗೆ ಇದು ಸಣ್ಣ ವಿಷಯ ಅಲ್ಲ. ಭಾಗವತರ ಸ್ವರ ಒಂದು ಕಡೆಯಿಂದ, ಮದ್ದಳೆ ಇನ್ನೊಂದು ಕಡೆಯಿಂದ ಬಂದು ತುಂಬಿಕೊಳ್ಳುವ ಸುಖ ಇದರಲ್ಲಿಲ್ಲ.

ಬ್ಯಾಟರಿ 3149 ಎಂಎಎಚ್. ವಿಡಿಯೋ 27 ಗಂಟೆ ಓಡುತ್ತದೆ ಅಂತ ಕಂಪನಿಯ ಲೆಕ್ಕ, ಅದೇ ದಿನ ಬಂದ ಐಫೋನ್ 17ಕ್ಕೆ 30 ಗಂಟೆ ಕೊಟ್ಟಿದ್ದಾರೆ. ಸಾಲದಿದ್ದರೆ ಬೆನ್ನಿಗೆ ಅಂಟಿಸುವ ಬ್ಯಾಟರಿ ಬೇರೆ ಮಾರುತ್ತಾರೆ, ಅದಕ್ಕೆ 11,900 ರೂಪಾಯಿ. ತೆಳು ಫೋನ್ ಮಾಡಿ ಅದರ ಬೆನ್ನಿಗೆ ಮತ್ತೆ ಬ್ಯಾಟರಿ ಹೊರಿಸುವುದು ನನಗೆ ಯಾವ ಲೆಕ್ಕದಲ್ಲೂ ಸರಿ ಕಾಣುವುದಿಲ್ಲ. ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರ್ ಹೊತ್ತಿಗೆ, ಸಂಜೆಯಾದರೆ ಗುಡುಗು ಸಿಡಿಲು, ಪ್ಲಗ್ ಎಲ್ಲ ಕಿತ್ತಿಡುವ ಊರು ನಮ್ಮದು. ಚಾರ್ಜ್ ಮಾಡಲು ಪುರುಸೊತ್ತು ಸಿಗುವುದು ಕರೆಂಟ್ ಇದ್ದಾಗ ಮಾತ್ರ.

2025ರಲ್ಲಿ ಬಂದಾಗ ಬೆಲೆ ನಮ್ಮ ದೇಶದಲ್ಲಿ 1,19,900 ರೂಪಾಯಿ. ಅಡಿಕೆ ಕಿಲೋಗೆ 450 ಅಂತ ಹಿಡಿದರೂ 266 ಕಿಲೋ ಆಯಿತು. ಐಫೋನ್ 17 ಅದಕ್ಕಿಂತ 37,000 ಕಡಿಮೆಗೆ, 82,900ಕ್ಕೆ ಬಂತು. ಅದರಲ್ಲಿ ಎರಡು ಕ್ಯಾಮೆರಾ, ಎರಡು ಕಡೆ ಸ್ಪೀಕರ್, ತೂಕ 177 ಗ್ರಾಂ. ಅಂದರೆ 12 ಗ್ರಾಂ ಹೆಚ್ಚು, ಅಷ್ಟೇ.

ಇನ್ನು ಈ ಎಐ ಅಂತ ಎಲ್ಲರೂ ಹೇಳುತ್ತಿದ್ದಾರಲ್ಲ. ಏರ್‌ಪಾಡ್ಸ್ ಕಿವಿಗೆ ಹಾಕಿದರೆ ಎದುರಿನವರ ಫ್ರೆಂಚ್ ನಮಗೆ ಇಂಗ್ಲಿಷಿನಲ್ಲಿ ಕೇಳುತ್ತದೆ ಅಂತ ತೋರಿಸಿದರು. ಚೆನ್ನಾಗಿದೆ. ಆದರೆ ಆಪಲ್ ಇಂಟೆಲಿಜೆನ್ಸ್ ಅನ್ನುವ ಅವರ ಈ ಎಐಗೆ ಕನ್ನಡ ಗೊತ್ತಿಲ್ಲ, ಮಲಯಾಳ ಗೊತ್ತಿಲ್ಲ. 1956ರ ನವೆಂಬರ್ ಒಂದರಿಂದ ಕೇರಳದಲ್ಲಿರುವ ಕನ್ನಡಿಗರು ನಾವು. ಅಮ್ಮನಿಗೆ ಮಲಯಾಳ ಮಾತಾಡಲಿಕ್ಕೆ ಬರುತ್ತದೆ, ಓದಲು ಬರುವುದಿಲ್ಲ. ಕಚೇರಿಯಿಂದ ಮಲಯಾಳದಲ್ಲಿ ಒಂದು ಕಾಗದ ಬಂದರೆ ಓದಿ ಹೇಳುವವರನ್ನು ಕಾಯಬೇಕು. ನಮಗೆ ಬೇಕಾದ ಅನುವಾದ ಅದು. ಅದಕ್ಕೆ ಈಗಲೂ ಗೂಗಲ್ ಟ್ರಾನ್ಸ್‌ಲೇಟ್ ತೆರೆದು ಕಾಗದದ ಮೇಲೆ ಕ್ಯಾಮೆರಾ ಹಿಡಿಯುತ್ತೇನೆ, ಅದು ಹತ್ತು ಸಾವಿರದ ಫೋನಿನಲ್ಲೂ ಆಗುತ್ತದೆ.

ಇದೆಲ್ಲ ಇದ್ದರೂ ಹೇಗೋ ಸುಧಾರಿಸಿಕೊಳ್ಳಬಹುದು. ನನಗೆ ಒಪ್ಪಿಕೊಳ್ಳಲು ಆಗದೇ ಇರುವುದು ಅಮ್ಮ ಉಗುರಿನಿಂದ ಹುಡುಕಿದ ಆ ಜಾಗದ ವಿಷಯ.

ಹೋದ ವರ್ಷ ಜುಲೈಯಲ್ಲಿ, ಎರಡು ದಿನದಿಂದ ಬಿಡದೆ ಮಳೆ. ಕರೆಂಟ್ ಇರಲಿಲ್ಲ. ಸಂಜೆ ತೋಟದಲ್ಲಿ ತೋಡಿನ ಸಂಕ, ಅಂದರೆ ಹಳ್ಳದ ಕಾಲುಸೇತುವೆ, ದಾಟುವಾಗ ನನ್ನ ಫೋನ್ ಕಿಸೆಯಿಂದ ನೀರಿಗೆ ಬಿತ್ತು. ಹುಡುಕಿ ತೆಗೆದೆ, ಆದರೆ ಪರದೆ ಕಪ್ಪಾಗಿತ್ತು. ಸರಿ, ನಾಳೆ ನೋಡುವ ಅಂತ ಅಕ್ಕಿ ಡಬ್ಬಕ್ಕೆ ಹಾಕಿಟ್ಟೆ. ರಾತ್ರಿ ಒಂಬತ್ತೂವರೆಗೆ ಅಪ್ಪನಿಗೆ ಉಸಿರು ಕಟ್ಟಿದ ಹಾಗೆ ಆಯಿತು. ಗೋಡೆಗೆ ಒರಗಿ ಕೂತುಬಿಟ್ಟರು, ಮಾತಾಡಲಿಕ್ಕೆ ಆಗುತ್ತಿಲ್ಲ. ನಮ್ಮ ಹತ್ತಿರದ ಮನೆ ಅಂದರೆ ತೋಡಿನ ಆಚೆ, ಆಗ ಸಂಕದ ಮೇಲೆ ನೀರು ಹೋಗುತ್ತಿತ್ತು. ಅಮ್ಮನ ಹತ್ತಿರ ಕೀಪ್ಯಾಡ್ ಫೋನ್ ಇತ್ತು. ಅದರಲ್ಲಿ ಬೇರೆ ಕಂಪನಿಯ ಸಿಮ್, ಕರೆಂಟ್ ಹೋಗಿ ಟವರ್ ನಿಂತಿದ್ದರಿಂದ ಒಂದು ಕಡ್ಡಿಯೂ ಇಲ್ಲ.

ಅಕ್ಕಿ ಡಬ್ಬದಿಂದ ನನ್ನ ಫೋನ್ ತೆಗೆದೆ. ಅಮ್ಮ ಸೀರೆಯ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟರು. ಟ್ರೇ ಹೊರಗೆ ಬಂತು, ಸಿಮ್ಮಿನ ಮೇಲೆ ನೀರಿನ ಹನಿ. ಅಂಗಿಯ ತುದಿಯಲ್ಲಿ ಒರೆಸಿದೆ. ಆದರೆ ಅದು ನ್ಯಾನೋ ಸಿಮ್, ಕೀಪ್ಯಾಡ್ ಫೋನಿನ ಸಿಮ್ ಜಾಗ ದೊಡ್ಡದು. ಸಿಮ್ ಹೊಸದಾಗಿ ತೆಗೆದುಕೊಳ್ಳುವಾಗ ಅದರ ಸುತ್ತ ಒಂದು ಪ್ಲಾಸ್ಟಿಕ್ ಚೌಕಟ್ಟು ಇರುತ್ತದಲ್ಲ, ಮುರಿದು ತೆಗೆಯುವಂಥದ್ದು, ಅದನ್ನು ನಾನು ಬಿಸಾಡಿರಲಿಲ್ಲ. ಮೇಜಿನ ಡ್ರಾವರಿನಲ್ಲಿ ರೇಷನ್ ಕಾರ್ಡಿನ ಅಡಿಯಲ್ಲಿ ಸಿಕ್ಕಿತು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಚೌಕಟ್ಟಿನೊಳಗೆ ಸಿಮ್ ಕೂರಿಸಿ, ಹಿಂದಿನಿಂದ ಸೆಲ್ಲೋ ಟೇಪಿನ ಸಣ್ಣ ತುಂಡು ಅಂಟಿಸಿ, ಕೀಪ್ಯಾಡ್ ಫೋನಿನ ಬ್ಯಾಟರಿ ಅಡಿಗೆ ತೂರಿಸಿದೆ. ಅಂಗಳದ ತುದಿಯಲ್ಲಿ, ತುಳಸಿಕಟ್ಟೆಯ ಆಚೆ, ಎರಡು ಕಡ್ಡಿ ಬಂತು. ಜೀಪಿನವರ ನಂಬರ್ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು. ಅಮ್ಮ ಒಳಗಿನಿಂದ ಕೂಗಿ ಹೇಳಿದರು, ನಾನು ಮಳೆಯಲ್ಲಿ ನಿಂತು ಒತ್ತಿದೆ.

ಅವರು ಮೇಲಿನ ರಸ್ತೆಯಿಂದ ಸುತ್ತಿ ಬಂದರು. ಗಡಿಯ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆ ಮುಟ್ಟುವಾಗ ಹನ್ನೆರಡು ಗಂಟೆ ಆಗಿತ್ತು. ಅಪ್ಪ ಈಗ ಚೆನ್ನಾಗಿದ್ದಾರೆ, ಬೆಳಿಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ.

ಆ ರಾತ್ರಿ ನನ್ನ ಕೈಯಲ್ಲಿ ಇ-ಸಿಮ್ ಮಾತ್ರ ಇರುವ ಫೋನ್ ಇದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಇ-ಸಿಮ್ ಅಂದರೆ ಫೋನಿನ ಬೋರ್ಡಿನಲ್ಲೇ ಬೆಸೆದ ಒಂದು ಚಿಪ್. ನಮ್ಮ ನಂಬರಿನ ವಿವರ ಇಂಟರ್ನೆಟ್ ಮೂಲಕ ಅದಕ್ಕೆ ಇಳಿಯುತ್ತದೆ. ಫೋನ್ ಸತ್ತರೆ ನಂಬರೂ ಅದರೊಳಗೇ ಉಳಿಯಿತು. ಬೇರೆ ಫೋನಿಗೆ ತರಬೇಕಾದರೆ ಆ ಫೋನಿಗೂ ಇ-ಸಿಮ್ ಇರಬೇಕು, ನೆಟ್ ಬೇಕು, ಕಂಪನಿಯಿಂದ ಕ್ಯೂಆರ್ ಕೋಡೋ ಮೆಸೇಜೋ ಬರಬೇಕು. ಅಮ್ಮನ ಕೀಪ್ಯಾಡ್ ಫೋನಿಗೆ ಇದು ಯಾವುದೂ ಗೊತ್ತಿಲ್ಲ. ಮೊನ್ನೆ ಮಂಗಳೂರಿನಲ್ಲಿ ಓದುವ ಮಗಳ ಫೋನಿನ ಪರದೆ ಒಡೆದಾಗ ಇದನ್ನು ಕಣ್ಣಾರೆ ನೋಡಿದೆ. ಅವಳದ್ದು ಇ-ಸಿಮ್. ಅಂಗಡಿಗೆ ಹೋಗಿ, ಆಧಾರ್ ಕೊಟ್ಟು, ಫೋಟೋ ತೆಗೆಸಿಕೊಂಡು, ನಂಬರ್ ಮತ್ತೆ ಜೀವ ಬರುವಾಗ ಮರುದಿನ ಆಗಿತ್ತು. ಅದರ ಮೇಲೆ ಸಿಮ್ ಬದಲಾದರೆ 24 ಗಂಟೆ ಎಸ್ಎಂಎಸ್ ಬರುವುದಿಲ್ಲ. ಮೋಸಗಾರರು ನಮ್ಮ ನಂಬರ್ ಹಾರಿಸದ ಹಾಗೆ ಮಾಡಿದ ನಿಯಮ ಅದು, ತಪ್ಪಲ್ಲ. ಆದರೆ ಒಟಿಪಿ ಇಲ್ಲದೆ ಅವಳು ಹಾಸ್ಟೆಲ್ ಫೀಸು ಕಟ್ಟಲಾಗದೆ ಕೂತಿದ್ದಳು.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನ ಮಾತಿನಲ್ಲೂ ಹುರುಳಿದೆ. "ಮಾವ, ನಾನು ವಿಮಾನ ಇಳಿದು ಬೆಲ್ಟಿನ ಹತ್ತಿರ ಬರುವ ಮೊದಲೇ ಊರಿನ ನಂಬರ್ ಆನ್ ಆಗಿತ್ತು. ಮೊದಲೆಲ್ಲ ಪರ್ಸಿನಲ್ಲಿ ಸಿಮ್ ಹುಡುಕಿ ಹುಡುಕಿ ಸಾಕಾಗ್ತಿತ್ತು" ಅಂದ. ಫೋನ್ ಕದ್ದವನು ಸಿಮ್ ಕಿತ್ತು ಬಿಸಾಡಲಿಕ್ಕೆ ಆಗುವುದಿಲ್ಲ, ಹಾಗಾಗಿ ಫೋನ್ ಎಲ್ಲಿದೆ ಅಂತ ಹುಡುಕಬಹುದು ಅನ್ನುವುದೂ ನಿಜ. ಒಂದು ಐಫೋನಿನಲ್ಲಿ ಎಂಟೋ ಹೆಚ್ಚೋ ಇ-ಸಿಮ್ ಇಟ್ಟುಕೊಂಡು, ಒಂದು ಹೊತ್ತಿಗೆ ಎರಡನ್ನು ಬಳಸಬಹುದು. ಅಲ್ಲಿಗೂ ಇಲ್ಲಿಗೂ ಓಡಾಡುವ ಅವನಿಗೆ ಇದು ಹೇಳಿ ಮಾಡಿಸಿದ್ದು. ನಾನು ಇ-ಸಿಮ್ ಬೇಡ ಅನ್ನುತ್ತಿಲ್ಲ. ಅದರ ಜೊತೆ ಟ್ರೇಯೂ ಇರಲಿ ಅನ್ನುತ್ತೇನೆ.

ಜಾಗ ಇಲ್ಲ, ಅದಕ್ಕೆ ತೆಗೆದರು ಅನ್ನುವವರಿದ್ದಾರೆ. 2025ರ ಮೇ ತಿಂಗಳಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಎಡ್ಜ್ ನೋಡಿ. 5.8 ಮಿಲಿಮೀಟರ್, 163 ಗ್ರಾಂ. ಅಂದರೆ ಇದಕ್ಕಿಂತಲೂ ಹಗುರ. ಅದರಲ್ಲಿ ಎರಡು ಕ್ಯಾಮೆರಾ, 3900 ಎಂಎಎಚ್ ಬ್ಯಾಟರಿ, ಸಿಮ್ ಟ್ರೇ ಎಲ್ಲ ಹಿಡಿಸಿದ್ದಾರೆ. ಅದೂ ಬಂದಾಗ ಲಕ್ಷದ ಮೇಲಿನ ಫೋನೇ, ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಜಾಗ ಇತ್ತು ಅನ್ನುವುದಂತೂ ಅದರಿಂದ ಗೊತ್ತಾಗುತ್ತದೆ.

ಕಾಸರಗೋಡಿನವರಿಗೆ ಮುಖ್ಯವಾಗಿ ಹೇಳಬೇಕಾದ ಒಂದು ವಿಷಯ ಉಳಿದಿದೆ. ನಮ್ಮಲ್ಲಿ ಮನೆಗೊಬ್ಬರಾದರೂ ಗಲ್ಫಿನಲ್ಲಿ ಇರುತ್ತಾರೆ, ಫೋನ್ ಬರುವುದು ಅವರ ಕೈಯಲ್ಲಿ. ಏರ್ ಎಲ್ಲ ದೇಶದಲ್ಲೂ ಇ-ಸಿಮ್ ಮಾತ್ರ. ಆದರೆ ಐಫೋನ್ 17, 17 ಪ್ರೊ, ಪ್ರೊ ಮ್ಯಾಕ್ಸ್ ಇದೆಯಲ್ಲ, ಅದನ್ನು ಇಂಡಿಯಾದಲ್ಲಿ ತೆಗೆದುಕೊಂಡರೆ ಸಿಮ್ ಟ್ರೇ ಇದೆ. ಯುಎಇ, ಸೌದಿ, ಕತಾರ್, ಕುವೈತ್, ಬಹ್ರೈನ್, ಒಮಾನ್, ಈ ಆರೂ ದೇಶಗಳಲ್ಲಿ ಮಾರುವ ಅದೇ ಫೋನಿನಲ್ಲಿ ಟ್ರೇ ಇಲ್ಲ. ಪೆಟ್ಟಿಗೆ ಅದೇ, ಹೆಸರು ಅದೇ. ಅಲ್ಲಿಯ ಪ್ರೊ ಮಾಡೆಲ್‌ಗಳಲ್ಲಿ ಆ ಜಾಗಕ್ಕೆ ಸ್ವಲ್ಪ ದೊಡ್ಡ ಬ್ಯಾಟರಿ ಹಾಕಿದ್ದಾರೆ, ಅದು ಲಾಭವೇ. ಆದರೆ ಅಪ್ಪ ಅಮ್ಮನಿಗೆ ಅಂತ ಪ್ರೀತಿಯಿಂದ ತಂದು, ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದ ಮೇಲೆ ಸಿಮ್ ಹಾಕುವ ಜಾಗ ಹುಡುಕುವ ಹಾಗೆ ಆಗಬಾರದು. ತರಿಸುವ ಮೊದಲು ಕೇಳಿಕೊಳ್ಳಿ. ನಿಮ್ಮ ಕಡೆ ಸಿಗ್ನಲ್ ಚೆನ್ನಾಗಿರುವ ಕಂಪನಿ ಇ-ಸಿಮ್ ಕೊಡುತ್ತದಾ ಅಂತಲೂ ಕೇಳಿ. ನಮ್ಮ ಒಳಗಿನ ಊರುಗಳಲ್ಲಿ ಎಷ್ಟೋ ಮನೆಗೆ ಬಿಎಸ್ಎನ್ಎಲ್ ಒಂದೇ ಗತಿ. ಅವರು ಇ-ಸಿಮ್ ಶುರು ಮಾಡಿದ್ದು 2025ರ ಆಗಸ್ಟಿನಲ್ಲಿ, ಅದೂ ಮೊದಲು ತಮಿಳುನಾಡಿನಲ್ಲಿ.

ಅಕ್ಕನ ಮಗನಿಗೆ ಇವತ್ತು ರಾತ್ರಿ ಮೆಸೇಜ್ ಮಾಡುತ್ತೇನೆ. ಫೋನ್ ತರಬೇಡ ಮಗಾ, ನನ್ನದು ಇನ್ನೊಂದು ಮಳೆಗಾಲ ಹೋಗುತ್ತದೆ, ಆಮೇಲೆ ಬೇಕಾದರೆ ಕಾಸರಗೋಡಿನಲ್ಲೇ ಟ್ರೇ ಇರುವುದು ನೋಡಿ ತೆಗೆದುಕೊಳ್ಳುತ್ತೇನೆ, ಅಜ್ಜಿಗೆ ಖರ್ಜೂರ ಮಾತ್ರ ಮರೆಯದೆ ತಾ ಅಂತ. ಆ ಪ್ಲಾಸ್ಟಿಕ್ ಚೌಕಟ್ಟು ಈಗಲೂ ಡ್ರಾವರಿನಲ್ಲೇ ಇದೆ. ಟೇಪಿನ ತುಂಡು ಹಳದಿಯಾಗಿದೆ, ಹೊಸತು ಅಂಟಿಸಿ ಇಡಬೇಕು.