ಪಾಸ್ ಒತ್ತಿದರೆ ಅಮ್ಮ ಮಾಯ

ಕಡೆಗೂ ನಮ್ಮ ಸಿನಿಮಾದ ಕ್ಯಾಸೆಟ್ ಸೀನ್ ಮುಗಿಯಿತು. ಸ್ಕ್ರಿಪ್ಟ್, ಲೊಕೇಶನ್, ದುಡ್ಡು ಹೊಂದಿಸುವುದು, ಇವೆಲ್ಲ ನಿಮಗೂ ಗೊತ್ತಿರುವ ಗೋಳೇ. ಈ ಸಲ ಪೂರ್ತಿ ಒಂದೇ ಶಾಟ್ ಬಗ್ಗೆ.

ಹೊಸಬರಿಗೆ ಎರಡು ಮಾತು. ನಮ್ಮದು 90ರ ದಶಕದ ಗಾಂಧಿನಗರದ ಒಬ್ಬ ಹೀರೋ ಮನೆ ಕಥೆ. ಪೂರ್ತಿ ಕಾಲ್ಪನಿಕ, ಯಾರಿರಬಹುದು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮಾರ್ಕೆಟ್ ಬಿದ್ದಿದೆ, ಕುಡಿತ ಏರಿದೆ. ಆದರೆ ಮನೆಯಲ್ಲಿ ವಿಡಿಯೋ ಕ್ಯಾಮೆರಾ ಆನ್ ಆದ ಕೂಡಲೇ ಆಸಾಮಿ ಒಳ್ಳೆ ಅಪ್ಪನ ಪಾತ್ರ ಶುರು ಮಾಡುತ್ತಾನೆ, ಮಗಳನ್ನು ಎತ್ತಿಕೊಂಡು ಕೇಕ್ ತಿನ್ನಿಸುತ್ತಾನೆ. ಹಿಂದೆ ಅಡುಗೆಮನೆ ಬಾಗಿಲಲ್ಲಿ ಅಮ್ಮ ನಿಂತಿರುತ್ತಾಳೆ. ಎಷ್ಟೋ ವರ್ಷ ಆದಮೇಲೆ ಮಗಳು ಆ ಕ್ಯಾಸೆಟ್ ಹಾಕಿ, ಅಮ್ಮ ಕಾಣುವ ಕಡೆ ಪಾಸ್, ಅಂದರೆ ಚಿತ್ರ ನಿಲ್ಲಿಸುವ ಬಟನ್, ಒತ್ತುತ್ತಾಳೆ. ಇಡೀ ಸಿನಿಮಾ ನಿಂತಿರುವುದು ಅಲ್ಲೇ.

ಹುಟ್ಟುಹಬ್ಬವನ್ನು ನಿಜವಾದ ವಿಎಚ್‌ಎಸ್ ಟೇಪಿನಲ್ಲೇ ತೆಗೆದೆವು. ಮದುವೆ ಮನೆಗಳಲ್ಲಿ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದರಲ್ಲ, ಆ ಥರದ ಹಳೇ ಪ್ಯಾನಾಸೋನಿಕ್ ಸಿಕ್ಕಿತ್ತು. ಎಡಿಟಿಂಗ್‌ನಲ್ಲಿ ಹಳೇ ಟೇಪಿನ ಗೆರೆ ಬರಿಸುವ ಪ್ಲಗಿನ್ ಹಾಕಿದರೆ ಸಾಲದಾ ಅಂದವರಿದ್ದಾರೆ. ಹಾಕಿ ನೋಡಿದೆ. ಪ್ಲಗಿನ್ ಗೆರೆಗಳು ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುವ ಸ್ಕೂಲ್ ಡೇ ಮಕ್ಕಳ ಹಾಗೆ. ನಿಜವಾದ ಟೇಪು ಯಾರ ಮಾತೂ ಕೇಳುವುದಿಲ್ಲ.

ಮಾತು ಕೇಳದೇ ಇರುವುದೇ ತಲೆನೋವಾಯಿತು. ಪಾಸ್ ಒತ್ತಿದರೆ ದಪ್ಪ ಬಿಳಿ ಪಟ್ಟಿ ಬಂದು ನೇರ ಅಮ್ಮನ ಮುಖದ ಮೇಲೆ ಕೂರುತ್ತಿತ್ತು. ಮತ್ತೆ ಒತ್ತಿದರೆ ಕುತ್ತಿಗೆ ಮೇಲೆ. ಮತ್ತೆ ಒತ್ತಿದರೆ ಮುಖ. ಕ್ಯಾಸೆಟ್ ಹಾಕುವ ಡೆಕ್‌ನಲ್ಲಿ ಟೇಪಿನಿಂದ ಚಿತ್ರ ಓದುವ ಹೆಡ್ ಎರಡೇ ಇದ್ದರೆ ಅದರ ಹಣೆಬರಹವೇ ಇದು. ಎರಡೂ ಹೆಡ್‌ಗಳ ಓರೆ ಬೇರೆ ಬೇರೆ. ಟೇಪ್ ನಿಂತಾಗ ಒಂದು ಹೆಡ್ ತನ್ನದಲ್ಲದ ಟ್ರ್ಯಾಕಿಗೆ ಕಾಲಿಡುತ್ತದೆ, ಅಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ, ಆ ಜಾಗ ಪೂರ್ತಿ ಬೆಳ್ಳಗಾಗುತ್ತದೆ.

ಸರಿ, ಈ ಪಟ್ಟಿ ಕಾಟ ತಪ್ಪಲಿ ಅಂತ ನಾಲ್ಕು ಹೆಡ್‌ನ ಡೆಕ್ ಹುಡುಕಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆ. ಒಬ್ಬರು "ಫೋರ್ ಹೆಡ್ ಸಾರ್, ಗ್ಯಾರಂಟಿ" ಅಂದರು. ಮುಂದುಗಡೆ ಸ್ಟಿಕ್ಕರ್ ಬೇರೆ ಇತ್ತು. ಮನೆಗೆ ತಂದು ಮುಚ್ಚಳ ಬಿಚ್ಚಿ ಹೆಡ್‌ಗಳು ಕೂತಿರುವ ಡ್ರಮ್ ನೋಡಿದರೆ ಎರಡೇ ಹೆಡ್! ಸ್ಟಿಕ್ಕರ್ ಯಾವುದೋ ಬೇರೆ ಮೆಷೀನಿಂದು. ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಲು ಅದೇ ಅಂಗಡಿಯಲ್ಲಿ ತಂದ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಇನ್ನೂ ಮಜಾ. ಚಿತ್ರ ಸ್ವಲ್ಪ ನಡುಗಿದರೆ ಸಾಕು, ಸಿಂಕ್ ಕಳೆದುಕೊಂಡು ನೀಲಿ ಪರದೆ ತೋರಿಸುತ್ತದೆ. ನಮಗೆ ಬೇಕಾಗಿದ್ದೇ ಆ ನಡುಕ! ಸಿಂಕ್ ತಪ್ಪದಿರಲು ಡಿಎಂಆರ್-ಇಎಸ್15 ಥರದ ಡಿವಿಡಿ ರೆಕಾರ್ಡರ್ ನಡುವೆ ಸಿಕ್ಕಿಸಬಹುದು ಅನ್ನುತ್ತೀರಿ, ಗೊತ್ತು. ಆ ದುಡ್ಡಲ್ಲಿ ಯೂನಿಟ್ಟಿಗೆ ಒಂದು ವಾರ ಊಟ ಹಾಕಿಸಬಹುದು.

ಆಮೇಲೆ ಕ್ಯಾಪ್ಚರ್ ಸಹವಾಸವೇ ಬೇಡ ಅಂತ ಹಳೇ ಡಬ್ಬಾ ಟಿವಿಯನ್ನೇ ಶೂಟ್ ಮಾಡಿದೆವು. ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮಿನಲ್ಲಿದ್ದಾಗ ಟಿವಿ ಮೇಲೆ ಕಪ್ಪು ಪಟ್ಟಿ ಉರುಳುತ್ತಿತ್ತು. 25 ಫ್ರೇಮ್, 1/50 ಶಟರ್‌ನಲ್ಲಿ ಒಂದು ಸಣ್ಣ ಗೆರೆ ತೆವಳುತ್ತಾ ಉಳಿಯಿತು. 1/25ಕ್ಕೆ ಇಳಿಸಿದ ಮೇಲೆ ಅದೂ ಹೋಯಿತು.

ನಿಜವಾದ ನಾಲ್ಕು ಹೆಡ್ ಡೆಕ್ ಕೊನೆಗೆ ಗೆಳೆಯರ ಅಟ್ಟದಲ್ಲಿ ಸಿಕ್ಕಿತು. ಈಗ ಹೊಸ ರಗಳೆ. ಪಾಸ್ ತುಂಬಾ ಕ್ಲೀನಾಗಿ ಬಂತು, ಸ್ಟುಡಿಯೋ ಫೋಟೋ ಥರ. ಆಗ ಸ್ಲೋ ಟ್ರ್ಯಾಕಿಂಗ್ ಬಟನ್ ನೆನಪಾಯಿತು. ಅದನ್ನು ಒತ್ತುತ್ತಾ ಹೋದರೆ ಪಟ್ಟಿಯನ್ನು ಬೇಕಾದ ಕಡೆ ಸರಿಸಬಹುದು. ನಿಧಾನಕ್ಕೆ ಸರಿಸಿ ಅಪ್ಪನ ಮುಖದ ಮೇಲೆ ಕೂರಿಸಿದೆ. ಕಣ್ಣಿಂದ ಗದ್ದದವರೆಗೆ ಹೀರೋ ಮಾಯ, ಕೆಳಗೆ ಕೇಕ್ ಹಿಡಿದ ಕೈ ಮಾತ್ರ. ಹಿಂದೆ ಬಾಗಿಲಲ್ಲಿ ಅಮ್ಮ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿರುವುದೂ ಕಾಣುತ್ತಿತ್ತು. ಅರ್ಧ ದುಡ್ಡು ಹಾಕಿರುವ ನಮ್ಮ ಭಾವ ನೋಡಿ, "ಏನಯ್ಯಾ, ಹೀರೋ ಮುಖಾನೇ ಕಾಣ್ತಿಲ್ವಲ್ಲೋ?" ಅಂದರು. ಹೌದು ಭಾವ, ಅದಕ್ಕೇ ಇಷ್ಟೆಲ್ಲ ಒದ್ದಾಡಿದ್ದು.

ಹಾಗಂತ ಅಪ್ಪನನ್ನು ವಿಲನ್ ಮಾಡುವ ಆಸೆ ನನಗಿಲ್ಲ. 2019ರ 'ಹನಿ ಬಾಯ್'ನಲ್ಲಿ ಶಿಯಾ ಲಬಫ್ ತನ್ನದೇ ಬಾಲ್ಯದ ಕಥೆ ಬರೆದು, ಅಪ್ಪನನ್ನು ಹೋಲುವ ಪಾತ್ರವನ್ನು ತಾನೇ ಮಾಡಿದ. ಬರೀ ಸಿಟ್ಟಿನಿಂದ ಅಂಥ ಪಾತ್ರ ಮಾಡಲು ಆಗಲ್ಲ, ಅಲ್ವಾ? ನಮ್ಮ ಸಿನಿಮಾದ ಅಪ್ಪನ ಪಾತ್ರಧಾರಿ ಹಗಲು ಬ್ಯಾಂಕ್ ನೌಕರ, ಸಂಜೆ ಹವ್ಯಾಸಿ ನಾಟಕ. ಎಷ್ಟು ಪ್ರೀತಿಯಿಂದ ಕೇಕ್ ತಿನ್ನಿಸಿದರು ಅಂದರೆ ಸೀನು ಅದರಿಂದಲೇ ಜಾಸ್ತಿ ಹಿಂಸೆ ಆಗುತ್ತದೆ.

ನಡುವೆ ಒಂದು ಮಾತು: ನಮ್ಮ ಮುಂದಿನ ಸಿನಿಮಾ ಡೂಪ್ ಒಬ್ಬನ ಮಗನ ಕಥೆ. ಇದೇ ಹೀರೋ ಬದಲು ಬೆಂಕಿಗೆ ಹಾರುತ್ತಿದ್ದವನ ಮನೆ. ಸೂಪರ್ 8 ಅನ್ನೋ ಪುಟ್ಟ ಅಳತೆಯ ಕಪ್ಪು ಬಿಳುಪು ಫಿಲ್ಮಿನಲ್ಲಿ ಮಾಡುವ ಹುಚ್ಚು. ಭಾವನಿಗೆ ಇನ್ನೂ ಹೇಳಿಲ್ಲ.

ಶಾಟ್‌ಗೆ ಬರೋಣ. ಪಾಸ್‌ನಲ್ಲಿ ಟೇಪ್ ನಿಂತಿದ್ದರೂ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ. ಟೇಪ್ ಸವೆಯದಿರಲಿ ಅಂತ ಸುಮಾರು ಐದು ನಿಮಿಷಕ್ಕೆ ಡೆಕ್ ತಾನೇ ಬಿಟ್ಟುಬಿಡುತ್ತದೆ. ಟೇಕ್ ನಡುವೆ ಹಾಗೇ ಆಯಿತು. ಟಪ್ ಅಂತ ಸದ್ದು, ಅಮ್ಮ ಹೋಗಿ ನೀಲಿ ಪರದೆ. ಮಗಳ ಪಾತ್ರದ ಹುಡುಗಿ ನಿಜಕ್ಕೂ ಬೆಚ್ಚಿಬಿದ್ದು, "ಅಯ್ಯೋ, ತಾಳು" ಅಂದಳು, ಟಿವಿಗೆ! ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು. ಅದೇ ಟೇಕ್ ಫೈನಲ್.

ಉಳಿದಿರುವುದು ಸೌಂಡ್. ಡಬ್ಬಾ ಟಿವಿಯ 15,625 ಹರ್ಟ್ಸ್ ಕೀರಲು ಇಡೀ ಟ್ರ್ಯಾಕಿನಲ್ಲಿ ಕೂತಿದೆ. ನನ್ನ ಕಿವಿಗೆ ಕೇಳಿಸುತ್ತಲೇ ಇಲ್ಲ, ಸೌಂಡ್ ಹುಡುಗನಿಗೆ ತಲೆ ಸಿಡಿಯುತ್ತಿದೆಯಂತೆ. ಆ ಒಂದು ಸದ್ದನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್ ಹಾಕುತ್ತಿದ್ದೇವೆ. ಅಟ್ಟದ ಡೆಕ್ಕಿನ ರಬ್ಬರ್ ಬೆಲ್ಟ್ ಕೊನೆಯುಸಿರು ಎಳೆಯುತ್ತಿದೆ. ಯಾರ ಹತ್ತಿರವಾದರೂ ನಾಲ್ಕು ಹೆಡ್‌ನ ಡೆಕ್ ಇದ್ದರೆ ಹೇಳಿ, ಸ್ಟಿಕ್ಕರ್ ಇಲ್ಲದಿದ್ದರೂ ನಡೆಯುತ್ತದೆ.