ಬಿಸ್ಕೆಟ್ ಕಲರ್ ಸಾಕು ಅಂದರು ಅತ್ತೆ

ಅತ್ತೆಯ ರೂಮಿಗೆ ಬಣ್ಣ ಹೊಡೆಸಬೇಕಿತ್ತು. "ತಿಳಿ ಬಿಸ್ಕೆಟ್ ಕಲರ್ ಸಾಕಮ್ಮ, ಕಣ್ಣಿಗೆ ಹೊಡೀಬಾರದು" ಅಂದರು ಅತ್ತೆ. ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಚ್ಚಿದರೆ ಅಂಥ ಬಣ್ಣಗಳೇ ಪುಟಗಟ್ಟಲೆ! ಹಾಗೂ ಹೀಗೂ ಮೂರಕ್ಕೆ ಇಳಿಸಿದೆವು. ಬೇರೆ ಬೇರೆಯಾಗಿ ನೋಡಿದರೆ ಮೂರೂ ಒಂದೇ. ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟಾಗಲೇ ಒಂದು ಗುಲಾಬಿಗೆ, ಒಂದು ಹಳದಿಗೆ, ಇನ್ನೊಂದು ಹಸಿರಿಗೆ ವಾಲುವುದು ಕಂಡಿತು. ಬಿಳಿ ಬೇಸ್ ಪೇಂಟಿಗೆ ಅಂಗಡಿಯ ಬಣ್ಣ ಬೆರೆಸುವ ಮಷೀನಿನಿಂದ ಬೀಳುವ ಹಳದಿ, ಕೆಂಪು, ಕಪ್ಪು ಹನಿಗಳ ಲೆಕ್ಕದಲ್ಲೇ ಇಷ್ಟೆಲ್ಲ ವ್ಯತ್ಯಾಸ.

ಗೋಡೆಯ ಮೇಲೆ ಹಳೇ ಹಸಿರು ಬಣ್ಣವಿತ್ತು. ಅದರ ಮೇಲೇ ಸ್ಯಾಂಪಲ್ ಬಳಿದರೆ ಕಣ್ಣು ಮೋಸಹೋಗುತ್ತದೆ. ಪೇಂಟರ್ ಮೊದಲು ಬಿಳಿ ಪ್ರೈಮರ್ ಹೊಡೆದು, ಆಮೇಲೆ ಮೂರನ್ನೂ ಎರಡೆರಡು ಕೋಟ್ ಬಳಿದರು. "ಒಣಗೋ ತನಕ ಏನೂ ಹೇಳ್ಬೇಡಿ ಮೇಡಂ" ಅಂದರು. ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ, ಅಲ್ವಾ?

ನಮ್ಮದು ಮೈಸೂರಿನ ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಬೆಳಿಗ್ಗೆ ಆ ನೆಲದ ಕೆಂಪು ಪ್ರತಿಫಲಿಸಿ ಗೋಡೆಯ ಬುಡಕ್ಕೆ ಹತ್ತುತ್ತದೆ. ನಮ್ಮೆಜಮಾನರಿಗೆ ಇಷ್ಟವಾಗಿದ್ದ ಗುಲಾಬಿ ಛಾಯೆಯದು ಅಲ್ಲಿ ಬೀಟ್‌ರೂಟ್ ತೊಳೆದ ನೀರಿನ ಹಾಗೆ ಕಾಣುತ್ತಿತ್ತು. ಅವರು ಒಪ್ಪಲಿಲ್ಲ, ಅದು ಬೇರೆ ಮಾತು. ಇರೋ ಒಂದೇ ಕಿಟಕಿ ಉತ್ತರಕ್ಕೆ. ನೇರ ಬಿಸಿಲು ಕಡಿಮೆ, ಬರುವ ಬೆಳಕಿನಲ್ಲಿ ನೀಲಿ ಜಾಸ್ತಿ. ಹಸಿರು ಛಾಯೆಯದು ಅದರಲ್ಲಿ ಪೂರಾ ಮಂಕು.

"ಹಗಲು ಯಾರು ಈ ರೂಮಲ್ಲಿ ಕೂತಿರ್ತಾರೆ? ನಾನು ಓದೋದು ರಾತ್ರಿ" ಅಂದರು ಅತ್ತೆ. ಸರಿಯಾದ ಮಾತು. ಟ್ಯೂಬ್‌ಲೈಟ್ ಹಾಕಿದೆವು. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಇದು, ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ) ಆ ಬಿಳಿ ಬೆಳಕಿನಲ್ಲಿ ಮೂರೂ ಆಸ್ಪತ್ರೆ ಗೋಡೆಗಳೇ. 3000ದ ಬಲ್ಬ್ ಹಾಕಿದರೆ ಹಳದಿ ಛಾಯೆಯದು ತೀರಾ ಹಳದಿ. 4000ದ್ದು ತಂದು ಹಾಕಿದಾಗ ಅದೇ ಬಣ್ಣ ಹದಕ್ಕೆ ಬಂತು. ಬಲ್ಬ್ ಯಾವುದೆಂದು ಗೊತ್ತಿಲ್ಲದೆ ಬಣ್ಣ ಆರಿಸುವುದು ಸುಮ್ನೆ ಕಾಲಹರಣ ಅಂತ ನನಗನ್ನಿಸಿದ್ದು ಆಗಲೇ.

ಹಳದಿ ಛಾಯೆಯದೇ ಆಯಿತು. ಪೇಂಟರ್ ಎಲ್ಲ ಡಬ್ಬಗಳನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿದರು. ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯಷ್ಟು ಫರಕಿದ್ದರೂ ಗೋಡೆಯ ಮಧ್ಯದಲ್ಲಿ ಗೆರೆ ಬೀಳುತ್ತದಂತೆ. ಮಿಕ್ಕಿದ್ದನ್ನು ಟಚಪ್‌ಗೆ ಎತ್ತಿಟ್ಟು, ಶೇಡ್ ನಂಬರನ್ನು ಬೀರು ಬಾಗಿಲಿನ ಒಳಗಡೆ ಬರೆದಿದ್ದೇನೆ. ನಮ್ಮೆಜಮಾನರು ಈಗ ಹಾಲ್‌ಗೆ ಗುಲಾಬಿ ಛಾಯೆಯದನ್ನೇ ಕೇಳುತ್ತಿದ್ದಾರೆ.